ಕಾಟಾ

ಅಣ್ಣಿಗೇರಿ ದಾಟೂದರಾಗ ಮೂಡಣ ದಿಕ್ಕು
ರೊಟ್ಟಿ ಹಂಚಿನಂಗ ಕರ್ರಗಾತು.
ಮೈಲಾರಿ ಮೊಬೈಲ್ ನೋಡಿ ಅಂದ:
"ಗದಗಕ್ಕ ಇನ್ನ ಮೂವತ್ತು ನಿಮಿಷ."
ಅಪ್ಪ ಕಿಡಕಿ ಇಳಿಸಿ, ಮೂಗು ಹೊರಗ ಹಾಕಿ ಅಂದ:
"ಐದು."
ಅಂವ ಹೇಳಿದ್ದು ಮಳಿ ಲೆಕ್ಕ.

ಇಪ್ಪತ್ತೇಳು ವರ್ಷ ಇದ ರಸ್ತೇದಾಗ ಬಸ್ ಹೊಡದಾಂವ,
ಹುಬ್ಬಳ್ಳಿ–ಹೊಸಪೇಟಿ, ಮುಂಜಾನೆ ಐದೂವರಿ ಗಾಡಿ.
ಕಣ್ಣಿಗೆ ಪೊರಿ ಬಂದ ಮ್ಯಾಲೆ ಎಡಗಡೆ ಸೀಟಿಗೆ ಸರದಾನ.
ನಾ ಗೇರು ಬದಲಿಸಿದಾಗೊಮ್ಮೆ
ಅವನ ಎಡಗಾಲು ಇಲ್ಲದ ಕ್ಲಚ್ ತುಳೀತೈತಿ.

ಡ್ಯಾಮ್ ನೋಡಾಕ ಹೊಂಟಿದ್ವಿ,
ರಾತ್ರಿ ಬಣ್ಣದ ಲೈಟು ಹಾಕತಾರಂತ.
ಅಷ್ಟು ವರ್ಷ ಹೊಸಪೇಟಿ ಮುಟ್ಟಿದಾಂವ
ಡ್ಯಾಮ್ ಕಂಡಿಲ್ಲಂದ್ರ ಯಾರು ನಂಬತಾರ?
ಸ್ಟ್ಯಾಂಡಿನಾಗ ಇಪ್ಪತ್ತು ನಿಮಿಷ. ಒಂದು ಚಾ, ಎರಡು ಮಿರ್ಚಿ,
ಕಂಟ್ರೋಲರ್ ಸಹಿ, ಮತ್ತ ವಾಪಸ್.
ಹಳೇ ವ್ಯಾಗನಾರ್ ತಗೊಂಡ ಮೊದಲನೇ ಐತವಾರ ಅದು.
ಅವ್ವ ಬುತ್ತಿ ಕಟ್ಟಿದ್ಲು: ಕೆಂಪಿಂಡಿ, ಗಟ್ಟಿ ಮೊಸರು,
ನಾಲ್ಕು ಮಂದಿಗೆ ಹದಿನೆಂಟು ರೊಟ್ಟಿ.

ಮೊದಲು ಗಾಳಿ ಬಂತು.
ಎರಿ ಹೊಲ ಎಲ್ಲಾ ಎದ್ದು ನಿಂತು
ರಸ್ತೆ ದಾಟಾಕ ಹತ್ತಿದಂಗ.
ಹತ್ತಿಕಟಗಿ ಹಾರಿ ಬಂದು ಬಾನೆಟ್ ಬಡದುವು,
ಯಾರದೋ ತಾಡಪಾಲ, ಆಮ್ಯಾಲೆ ಒಂದು ಪ್ಲಾಸ್ಟಿಕ್ ಕುರ್ಚಿ
ಉರುಳಕೋತ ಬಂದು ನಮ್ಮನ್ನ ಓವರ್‌ಟೇಕ್ ಮಾಡಿ ಹೋತು.
ಅವ್ವ ಎಲ್ಲಾ ದೇವರ ಹೆಸರು ಕೂಡಿಸಿ ಒಂದ ಹೆಸರು ಮಾಡಿ ಒದರಿದ್ಲು.
ಆಣೀಕಲ್ಲು.
ಲಿಂಬಿಹಣ್ಣಿನಷ್ಟು ಒಂದೊಂದು. ಟಪ್ಪಿನ ಮ್ಯಾಲೆ
ಯಾರೋ ಚೀಲಗಟ್ಟಲೆ ಸುರುವಿದಂಗ.
ಮುಂದ ಬೇವಿನ ಗಿಡ ಅಡ್ಡ ಬಿತ್ತು.
ಸಪ್ಪಳ ಕೇಳಲೇ ಇಲ್ಲ, ಬಿದ್ದದ್ದಷ್ಟ ಕಂಡಿತು.

"ಎಡಕ್ಕ ತಗೋ," ಅಂದ ಅಪ್ಪ, ಪೊರಿ ಕಣ್ಣಿನಾಂವ,
"ಎಡಕ್ಕ ಒಂದು ಕಾಟಾ ಐತಿ."
ಐತಿ ಅಂದಲ್ಲೇ ಇತ್ತು.

ಹತ್ತಿ ಲಾರಿ ತೂಗೂ ಕಾಟಾ. ಮ್ಯಾಲೆ ತಗಡು.
ಕಾರು ಹಲಗಿ ಮ್ಯಾಲೆ ಹೋಗಿ ನಿಂತಿತು.
ಕರೆಂಟ್ ಇರಲಿಲ್ಲ. ಮಶೀನಿಗೆ ಬ್ಯಾಟರಿ ಇತ್ತು.
ಕೆಂಪು ಅಂಕಿ ಕತ್ತಲದಾಗ ಮಿಣುಕಿತು:
ಸಾವಿರದ ನೂರಾ ಹತ್ತು.
ಮೈಲಾರಿ ಇಳದ, ಸಾವಿರದ ನಲವತ್ತು.
ಅವ್ವ ಇಳದ್ಲು, ಅಂಕಿ ನೋಡಿ
ಸೆರಗಿಲೆ ಬಾಯಿ ಮುಚ್ಚಿಕೊಂಡ್ಲು.
ನಾ ಇಳದೆ.
ಆಮ್ಯಾಲೆ ಅಂಕಿ ಅಲ್ಲಾಡಲಿಲ್ಲ.

ಒಳಗ ಅಪ್ಪ ಗೇರಿನ ಮ್ಯಾಲೆ ಕಾಲು ದಾಟಿಸಿ
ಬಲಗಡೆ ಸೀಟಿಗೆ ಸರದಿದ್ದ.
ಎರಡೂ ಕೈ ಸ್ಟೇರಿಂಗ್ ಮ್ಯಾಲೆ.
ತಗಡಿನ ಅಂಚಿನಿಂದ ನೀರು
ಗಾಜಿನ ಮುಂದ ಗ್ವಾಡಿ ಆಗಿ ಇಳೀತಿತ್ತು.
ಅಂವ ವೈಪರ್ ಹಚ್ಚಿದ.
ಒಣಗಿದ ಗಾಜಿನ ಮ್ಯಾಲೆ ಅದು ಕಿರ್ರ್ ಕಿರ್ರ್ ಅಂತಿತ್ತು.
"ಏನ್ ಮಾಡಾಕತ್ತಾನ ಇಂವ?" ಅಂದ್ಲು ಅವ್ವ.
ಯಾರೂ ಕರೀಲಿಲ್ಲ.

ಕಾಟಾದ ದಾವಲಸಾಬ ನಮ್ಮ ಕೂಡ ನಾಲ್ಕು ರೊಟ್ಟಿ ಉಂಡ.
ಅವನ ಮನಿ ತಗಡು ಹಾರಿತಂತ, ಫೋನಿನಾಗ ಹೆಂಡತಿ ಬೈಯಾಕತ್ತಿದ್ಲು,
ಅಂವ "ಹೂಂ, ಹೂಂ" ಅಂಕೋತ ಹಿಂಡಿ ಹಚ್ಚಿಕೊಂಡ.
ಗಿಡ ಕಡಿಯೂದರಾಗ ಎಂಟು ಹೊಡೀತು.
ಚೀಟಿ ಹರಿಯೂ ಮುಂದ ಕೇಳಿದ:
"ಮಾಲು ಏನಂತ ಬರೀಲಿ?"
"ರೊಟ್ಟಿ," ಅಂದ್ಲು ಅವ್ವ.
ಅಂವ ಹಂಗ ಬರದ. ರೊಕ್ಕ ತಗೋಲಿಲ್ಲ.

ನಾವು ಹುಬ್ಬಳ್ಳಿ ಕಡೆ ತಿರುಗಿದ್ವಿ.

ಬಾನೆಟ್ಟಿನ ತಗ್ಗು ಇನ್ನೂ ಹಂಗ ಅದಾವ.
ಗ್ಯಾರೇಜಿನಾಂವ ಎಂಟು ಸಾವಿರ ಅಂದ, ಅಪ್ಪ ಬ್ಯಾಡ ಅಂದ.
ಇಬ್ಬನಿ ಬಿದ್ದ ಮುಂಜಾನೆ
ಒಂದೊಂದರಾಗ ಒಂದೀಟು ನೀರು ನಿಂತಿರತೈತಿ.
ಚಾ ಕುಡುದು ಹೊರಗ ಬರತಾನ,
ಬೊಟ್ಟು ಅದ್ದಿ ನೋಡತಾನ,
ಒಂದು, ಇನ್ನೊಂದು, ಮತ್ತೊಂದು.